ಡಿಪಿಯಲ್ಲಿದ್ದ ಅಪ್ಪ, ಚಿನ್ನದ ಕೇಟ್ ಮಾಸ್

ಮೈಸೂರು

ಪ್ರಿಯ ಗೆಳೆಯ,

ಲಂಡನ್ನಿನಿಂದ ನೀನು ಕಳಿಸಿದ ಫೋಟೊಗಳು ಬಂದು ಹದಿನೈದು ದಿನವಾಯಿತು. "ಮಾರ್ಕ್ ಕ್ವಿನ್ ಮಾಡುವುದೂ ಶಿಲ್ಪವೇನಯ್ಯ?" ಎಂಬ ನಿನ್ನ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಈ ನಡುವೆ ನನ್ನ ಕೆಲಸದ ಶೆಡ್ಡಿನಲ್ಲಿಯೇ ನಡೆದ ಒಂದು ಪ್ರಸಂಗದಿಂದ ಆ ಪ್ರಶ್ನೆ ನನ್ನನ್ನೂ ಬಿಡದೆ ಕಾಡತೊಡಗಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಆ ಶಿಲ್ಪಿ ಕ್ವಿನ್ 1991ರಲ್ಲಿ ತನ್ನದೇ ಸುಮಾರು ನಾಲ್ಕೂವರೆ ಲೀಟರ್ ರಕ್ತವನ್ನು ತಿಂಗಳುಗಟ್ಟಲೆ ಕೂಡಿಸಿ, ತನ್ನ ತಲೆಯ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿದ 'ಸೆಲ್ಫ್' ನಿನಗೆ ಹಿಡಿಸಲಿಲ್ಲ ಎಂದು ಬರೆದಿದ್ದೀಯೆ. ಐದೈದು ವರ್ಷಕ್ಕೊಮ್ಮೆ ಹೊಸದೊಂದನ್ನು ಮಾಡಿ, ತನಗೆ ವಯಸ್ಸಾಗುವುದನ್ನು ತನ್ನ ರಕ್ತದಲ್ಲಿಯೇ ದಾಖಲಿಸುವ ಯೋಚನೆ ನನಗೆ ಇಷ್ಟವೇ. ಫ್ರೀಜರಿನ ಕರೆಂಟು ಹೋದರೆ ಕರಗಿಹೋಗುವ ಆ ಶಿಲ್ಪ ನಮ್ಮ ಏರಿಯಾದಲ್ಲಿ ಒಂದು ಬೇಸಿಗೆಯನ್ನೂ ದಾಟುತ್ತಿರಲಿಲ್ಲ, ಆ ಮಾತು ಬೇರೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವನು ಮಾಡಿದ ಕೇಟ್ ಮಾಸ್, ಬ್ರಿಟನ್ನಿನ ಹೆಸರಾಂತ ಫ್ಯಾಷನ್ ಮಾಡೆಲ್. 2006ರ 'ಸ್ಫಿಂಕ್ಸ್' ಶಿಲ್ಪದಲ್ಲಿ ಆಕೆ ಕಾಲುಗಳನ್ನು ತಲೆಯ ಹಿಂದಕ್ಕೆ ಮಡಚಿಕೊಂಡು ಯೋಗಾಸನದ ಭಂಗಿಯಲ್ಲಿ ಕುಳಿತಿದ್ದಾಳೆ. 2008ರಲ್ಲಿ ಅದೇ ಭಂಗಿಯನ್ನು 50 ಕಿಲೋ ಚಿನ್ನದಲ್ಲಿ 'ಸೈರನ್' ಎಂದು ಮಾಡಿ ಬ್ರಿಟಿಷ್ ಮ್ಯೂಸಿಯಂನಲ್ಲಿ, ಪ್ರಾಚೀನ ಶಿಲ್ಪಗಳ ನೆರೆಯಲ್ಲಿಯೇ ಇರಿಸಿದರು. ಇದು ಆ ಹೆಂಗಸಿನ ಶಿಲ್ಪವಲ್ಲ, ಜನರ ತಲೆಯಲ್ಲಿರುವ ಆಕೆಯ ಬಿಂಬದ ಶಿಲ್ಪ ಎಂಬರ್ಥದ ಮಾತನ್ನು ಅವನೇ ಆಡಿದ್ದಾನೆ. ಮ್ಯಾಗಜೀನಿನ ಮುಖಪುಟಗಳಿಂದ ಕೋಟಿ ಸಲ ಅಚ್ಚಾದ ಮುಖವನ್ನು ಅವನು ದೇವರಿಗೆ ಸಲ್ಲುವ ಲೋಹದಲ್ಲಿ ಎರಕ ಹೊಯ್ದ. ಇಲ್ಲಿನ ಕಲಾಶಾಲೆ ಕಾವಾದಲ್ಲಿ ನಮಗೆ ವಿಗ್ರಹದ ಅಳತೆಯ ಲೆಕ್ಕವಾದ ತಾಳಮಾನ ಕಲಿಸಿದ್ದು ನಿನಗೆ ನೆನಪಿರಬೇಕು. ಮುಖದ ಉದ್ದವೇ ಒಂದು ತಾಳ, ಉಳಿದ ಮೈಯೆಲ್ಲ ಆ ಅಳತೆಯ ಮೇಲೆ. ದೇವರ ವಿಗ್ರಹಕ್ಕೆ ಹೋಲಿಕೆಯ ಗೊಡವೆಯಿಲ್ಲ, ಲಕ್ಷಣ ಸರಿಯಾಗಿದ್ದರೆ ಸಾಕು. ಸೆಲೆಬ್ರಿಟಿಗೆ ಹೋಲಿಕೆಯೊಂದೇ ಬಂಡವಾಳ. ಇವೆರಡನ್ನೂ ಒಂದೇ ಪೀಠದಲ್ಲಿ ಕೂರಿಸಿದ್ದಾನಲ್ಲ, ಅಲ್ಲಿಯೇ ಅವನ ತುಂಟತನವಿರುವುದು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅವನು ಮಾಡಿದ ಸಂಗತಿ ಇನ್ನೂ ವಿಚಿತ್ರ. 2020ರ ಜೂನ್‌ನಲ್ಲಿ ಗುಲಾಮರ ವ್ಯಾಪಾರಿ ಕಾಲ್ಸ್ಟನ್‌ನ ಪ್ರತಿಮೆಯನ್ನು ಜನ ಉರುಳಿಸಿದ ಮೇಲೆ ಜೆನ್ ರೀಡ್ ಎಂಬಾಕೆ ಆ ಖಾಲಿ ಪೀಠವೇರಿ ಮುಷ್ಟಿ ಎತ್ತಿ ನಿಂತಳು. ಆ ಫೋಟೊವನ್ನು ಇನ್‌ಸ್ಟಾಗ್ರಾಮಿನಲ್ಲಿ ಕಂಡ ಕ್ವಿನ್, ಆಕೆಯನ್ನು ಸ್ಕ್ಯಾನ್ ಮಾಡಿಸಿ, ತ್ರೀಡಿ ಪ್ರಿಂಟ್ ತೆಗೆದು, ಕಪ್ಪು ರೆಸಿನ್ನಿನ ಪ್ರತಿಮೆಯನ್ನು ಜುಲೈ 15ರ ಮುಂಜಾನೆ ಅದೇ ಪೀಠದ ಮೇಲೆ ನಿಲ್ಲಿಸಿದ. ಮರುದಿನವೇ ನಗರಸಭೆಯವರು ಅದನ್ನು ಇಳಿಸಿದರು. ಉಳಿ, ಸುತ್ತಿಗೆ ಮುಟ್ಟದ ಕೆಲಸವೆಂದು ನೀನು ಮೂಗು ಮುರಿಯುತ್ತೀಯೆ. ನನಗೂ ಮೊದಲು ಹಾಗೆಯೇ ಅನಿಸಿತ್ತು.

ಇಲ್ಲಿ ನಮ್ಮೂರಿನಲ್ಲಿಯೂ ಗಾಳಿ ಬದಲಾಗಿದೆ. ಅಯೋಧ್ಯೆಯ 51 ಇಂಚಿನ ಬಾಲರಾಮನನ್ನು ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಯಲ್ಲಿ ಕೆತ್ತಿದ ಅರುಣ್ ಯೋಗಿರಾಜ್, ಕಣ್ಣು ಬಿಡಿಸಲು ಬಳಸಿದ ಚಿನ್ನದ ಉಳಿ, ಬೆಳ್ಳಿ ಸುತ್ತಿಗೆಗಳ ಫೋಟೊ ಹಾಕಿದಾಗ ದೇಶವೆಲ್ಲ ಅದನ್ನು ನೋಡಿತು. ಶಿಲ್ಪಿಯ ಮುಖವೇ ಊರಿಗೆಲ್ಲ ಪರಿಚಿತವಾಗುವ ಕಾಲವನ್ನು ನಮ್ಮ ಮೇಷ್ಟ್ರುಗಳು ಕಂಡಿರಲಿಲ್ಲ.

ಇನ್ನು ನನ್ನ ಶೆಡ್ಡಿನ ಕಥೆ. ಮಂಡ್ಯ ಕಡೆಯ ಹುಡುಗನೊಬ್ಬ ತೀರಿಹೋದ ತಂದೆಯ ಎದೆಮಟ್ಟದ ಪ್ರತಿಮೆ ಬೇಕೆಂದು ಬಂದ. ಕಬ್ಬಿನ ಗದ್ದೆಯ ಬದುವಿನಲ್ಲಿ ನಿಲ್ಲಿಸುತ್ತಾನಂತೆ. ಕೊಟ್ಟದ್ದು ಅಪ್ಪನ ವಾಟ್ಸಾಪ್ ಡಿಪಿ. ಯಾವುದೋ ಫಿಲ್ಟರಿನಲ್ಲಿ ತೆಗೆದದ್ದು, ಅರವತ್ತೈದರ ರೈತನ ಕೆನ್ನೆ ಬೆಣ್ಣೆಯಂತಿತ್ತು. ಇದ್ದದ್ದನ್ನೇ ನೋಡಿಕೊಂಡು ಜೇಡಿಮಣ್ಣಿನಲ್ಲಿ ಮಾಡಿದೆ. ಹೋಲಿಕೆ ಕರಾರುವಾಕ್ಕಾಗಿ ಬಂತೆಂದು ಮಗ ಖುಷಿಪಟ್ಟ. ಜೊತೆಯಲ್ಲಿ ಬಂದಿದ್ದ ತಾಯಿ ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ಇದ್ಯಾರೋ ದೊಡ್ಡೋರ ಥರ ಅವ್ರೆ ಕಣಪ್ಪ, ನಮ್ಮೋರಲ್ಲ" ಎಂದರು. ಎಡ ಹುಬ್ಬಿನ ತುದಿಯಲ್ಲಿ ಎತ್ತಿನ ಕೊಂಬು ತಗುಲಿದ ಗಾಯದ ಕಲೆಯಿತ್ತಂತೆ. ತೋರುಬೆರಳಿನಿಂದ ಮಣ್ಣನ್ನು ಮುಟ್ಟಿಯೂ ಮುಟ್ಟದಂತೆ ಆ ಜಾಗವನ್ನು ತೋರಿಸಿದರು. ಮಗ ಒಪ್ಪಲಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಇದೇ ಫೋಟೊ ಹಾಕಿಸಿದ್ದು, ಊರಿನವರಿಗೆಲ್ಲ ಈಗ ಈ ಮುಖವೇ ಗುರುತು, ಕಲೆಯಿದ್ದರೆ ಬೇರೆಯವರಂತೆ ಕಾಣುತ್ತಾರೆ ಎಂಬುದು ಅವನ ವಾದ.

ಚಿನ್ನದ ಕೇಟ್ ಮಾಸ್ ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಅವರು ಹೋದ ಮೇಲೆ ಹೆಬ್ಬೆರಳಿನ ಉಗುರಿನಿಂದ ಹುಬ್ಬಿನ ತುದಿಯಲ್ಲಿ ಸಣ್ಣದಾಗಿ ಒಂದು ಗೀರು ಒತ್ತಿದ್ದೇನೆ. ಅಚ್ಚು ತೆಗೆಯುವ ಮೊದಲು ಒಮ್ಮೆ ನೋಡಲು ಭಾನುವಾರ ಇಬ್ಬರೂ ಬರುತ್ತಾರೆ. ಅಲ್ಲಿಯವರೆಗೆ ಮಣ್ಣು ಒಣಗದಂತೆ ದಿನಕ್ಕೆರಡು ಸಲ ಒದ್ದೆ ಗೋಣಿ ಹೊದಿಸುತ್ತಿದ್ದೇನೆ. ಏನಾಯಿತೆಂದು ಆಮೇಲೆ ಬರೆಯುತ್ತೇನೆ.

ನಿನ್ನ,
ಹಳೆಯ ಸಹಪಾಠಿ