ಜೊಹಾನ್ನಾ ಕಿಂಕೆಲ್ ಮತ್ತು ನಮ್ಮ ಮಕ್ಕಳ ಸಂಗೀತ ಕ್ಲಾಸು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪಾಶ್ಚಾತ್ಯ ಸಂಗೀತಗಾರ್ತಿಯರನ್ನು ಕುರಿತ ನಿಮ್ಮ ಪತ್ರಿಕೆಯ ಲೇಖನದಲ್ಲಿ ಜೊಹಾನ್ನಾ ಕಿಂಕೆಲ್ (1810–1858) ‘ಕ್ರಾಂತಿಕಾರಿಯ ಪತ್ನಿ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಿದ್ದಾರೆ. ಮಕ್ಕಳಿಗೆ ಹಾಡು ಕಲಿಸುವ ನಮಗೆ ಹೆಚ್ಚು ಬೇಕಾದವರೇ ಅವರು.

ಜರ್ಮನಿಯ ಬಾನ್ ನಗರದಲ್ಲಿ ಗಾಯನ ಮಂಡಳಿ ಕಟ್ಟಿ ನಡೆಸಿದ ಈಕೆ 1848ರ ಕ್ರಾಂತಿಯಲ್ಲಿ ಗಣರಾಜ್ಯದ ಪರ ನಿಂತರು. ಪತಿ ಗಾಟ್‌ಫ್ರೀಡ್ ಊರಲ್ಲಿಲ್ಲದಾಗ ಅವರ ಪತ್ರಿಕೆಯನ್ನೂ ನಡೆಸಿದರು. 3ರಿಂದ 7 ವರ್ಷದ ಮಕ್ಕಳಿಗೆಂದು ಇವರು ಬರೆದ ಗಾಯನ ಪಾಠದ ಪುಸ್ತಕ ಆ ಗದ್ದಲದ ಕಾಲದ್ದೇ. ಪಿಯಾನೊ ಕೊಳ್ಳಲಾಗದ ಮನೆಯಲ್ಲೂ ಹಾಡಬಲ್ಲ ಮಗು ಇರುತ್ತದೆ. ಆ ಪಾಠಕ್ಕೂ ಆ ರಾಜಕೀಯಕ್ಕೂ ನಂಟಿದೆ ಎಂದೇ ನಮ್ಮ ಓದು.

ಆ ಕ್ರಾಂತಿಯ ಕೊನೆಯ ಹಂತವಾದ 1849ರ ಬಾಡೆನ್ ದಂಗೆಯಲ್ಲಿ ಸೆರೆಸಿಕ್ಕ ಪತಿಗೆ ಜೀವಾವಧಿ ಶಿಕ್ಷೆಯಾಯಿತು. 1850ರ ನವೆಂಬರ್‌ನಲ್ಲಿ ಶಿಷ್ಯ ಕಾರ್ಲ್ ಶುರ್ಜ್ ಬಂದು ಗಾಟ್‌ಫ್ರೀಡ್ ಅವರನ್ನು ಬರ್ಲಿನ್ ಬಳಿಯ ಸ್ಪಾಂಡೌ ಸೆರೆಮನೆಯಿಂದ ಪಾರುಮಾಡಿದರು. ಮುಂದೆ ದೇಶ ಬಿಟ್ಟು ನೆಲೆಸಿದ ಲಂಡನ್ನಿನಲ್ಲಿ ನಾಲ್ಕು ಮಕ್ಕಳ ಸಂಸಾರಕ್ಕೆ ಜೊಹಾನ್ನಾ ಅವರ ಸಂಗೀತ ಪಾಠವೇ ದೊಡ್ಡ ಆಸರೆ. 1852ರಲ್ಲಿ ಪ್ರಕಟವಾದ, ಪಿಯಾನೊ ಕಲಿಸುವುದನ್ನು ಕುರಿತ ಅವರ ಎಂಟು ಪತ್ರಗಳ ಪುಸ್ತಕವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅತಿಥಿಗಳೆದುರು ಬೆರಳಿನ ಚಳಕ ತೋರಿಸುವ ಕಲಿಕೆ ಅವರಿಗೆ ಹಿಡಿಸದು. ತಾನು ನುಡಿಸುವುದು ಏನೆಂದು ಕಲಿಯುವ ಹುಡುಗಿಗೆ ಅರ್ಥವಾಗಬೇಕು. ಪಿಯಾನೊ ಸಂಯೋಜಕ ಶೋಪ್ಯಾನ್ ಕುರಿತು ಬರೆಯುತ್ತಾ ಅವರು ಕಾಲು ಸ್ವರಗಳಿಗೆ, ಎಂದರೆ ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ನಡುವೆ ಬೀಳುವ ಸ್ವರಗಳಿಗೆ, ಬಿಡುಗಡೆ ಕೇಳಿದ್ದಾರೆ. ಶ್ರುತಿಯ ಸೂಕ್ಷ್ಮ ಬಲ್ಲ ನಮ್ಮವರಿಗೆ ಇದು ತೀರ ಹತ್ತಿರದ ಮಾತು.

ಮುಂಬಯಿಯಲ್ಲಿ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡ ಸಂಘಗಳ ಮಕ್ಕಳ ಕ್ಲಾಸುಗಳು ಬಹುಪಾಲು ವಾರ್ಷಿಕೋತ್ಸವಕ್ಕೆ ಎರಡು ಭಾವಗೀತೆ ಬಾಯಿಪಾಠ ಮಾಡಿಸುವುದರಲ್ಲೇ ಕಳೆಯುತ್ತವೆ. ಕೆಡುವುದು ಮೊದಲು ಶ್ರುತಿಯಲ್ಲಿ. ಟೀಚರ್ ತಮ್ಮ ಕಂಠಕ್ಕೆ ಒಪ್ಪುವಂತೆ ಹಾರ್ಮೋನಿಯಂನ ಕೆಳ ಸಪ್ತಕದ ಕಪ್ಪು 4 ಅಥವಾ 5ನೇ ಮನೆಗೆ ಷಡ್ಜ (ಸ) ಹಿಡಿಯುತ್ತಾರೆ. ಎಳೆಯ ಗಂಟಲು ಅಷ್ಟು ಕೆಳಗೆ ಇಳಿಯದು. ಮಗು ಗೊಣಗುತ್ತದೆ, ‘ಶ್ರುತಿಜ್ಞಾನವಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಏಳು ವರ್ಷದೊಳಗಿನವರಿಗೆ ಹಾರ್ಮೋನಿಯಂನ ಮಧ್ಯ ಸಪ್ತಕದ ಬಿಳಿ 2ಕ್ಕೆ ಷಡ್ಜವಿಟ್ಟು ಪಂಚಮದ (ಪ) ಆಚೆ ಹೋಗದಿದ್ದರೆ ಸಾಕು. ಎರಡನೆಯ ತೊಂದರೆ ಹಾರ್ಮೋನಿಯಂನದೇ. ಪ್ರತಿ ಸ್ವರವನ್ನೂ ಜೊತೆಗೆ ಒತ್ತುತ್ತಿದ್ದರೆ ಮಗು ಪೆಟ್ಟಿಗೆಯ ಬೆನ್ನು ಹತ್ತುತ್ತದೆ, ಸ್ವರ ತಾನೇ ಹುಡುಕುವುದಿಲ್ಲ. ತಂಬೂರಿ ಮಾತ್ರ ಇರಲಿ. ಟೀಚರ್ ನಾಲ್ಕು ಸ್ವರದ ಒಂದು ತುಣುಕು ಹಾಡಿ ನಿಲ್ಲಿಸಲಿ. ಮಕ್ಕಳು ಒಂದು ಕ್ಷಣ ಮನಸ್ಸಿನಲ್ಲೇ ಕೇಳಿಕೊಂಡು ಆಮೇಲೆ ಹಾಡಲಿ. ಒಮ್ಮೆಗೆ ಹತ್ತು ನಿಮಿಷ, ನಡುವೆ ತಾಳದ ಆಟ, ಮತ್ತೆ ಹತ್ತು ನಿಮಿಷ. ಇಡೀ ಗುಂಪು ಹಾಡುವಾಗ ತಪ್ಪು ಕೇಳಿಸುವುದಿಲ್ಲ. ಮೂವರು ಮೂವರಾಗಿ ಹಾಡಿಸಿ. ಕಿರುಚಿದವರನ್ನು ಹೊಗಳಬೇಡಿ, ವೇದಿಕೆಯ ಮೈಕ್ ಅದಕ್ಕಿದೆ.

ಹೊಸ ವರ್ಷದ ತರಗತಿಗಳನ್ನು ಯೋಜಿಸುವ ಸಂಘಗಳು ಮೊದಲ ಮೂರು ತಿಂಗಳು ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬಾರದೆಂದು ನಮ್ಮ ವಿನಂತಿ.

— ಮಕ್ಕಳ ಸಂಗೀತ ಶಿಕ್ಷಕಿಯರು, ಮಾಟುಂಗಾ, ಮುಂಬಯಿ