ಬುದ್ಧಿ ಹೇಳುವವರಲ್ಲ, ಕೇಳುವವರು ಬೇಕು

ಮಾನ್ಯರೇ,

ಹುಡುಗ ಬೆಂಚು ಹತ್ತಿ ಕುಣಿದರೆ ಟೀಚರ್ ಕಣ್ಣಿಗೆ ಬೀಳುತ್ತಾನೆ. ನನ್ನ ಮಗಳು ಕುಣಿಯಲಿಲ್ಲ, ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಪ್ರತಿವರ್ಷ ಒಂದೇ ಮಾತು: ‘ಜಾಣೆ, ಗಮನ ಸಾಲದು’. ಇದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಅಂತ ಗೊತ್ತಾಗಿದ್ದು ಕಳೆದ ವರ್ಷ, ಒಂಬತ್ತನೇ ಕ್ಲಾಸಿನಲ್ಲಿ. ಹೆಣ್ಣುಮಕ್ಕಳಲ್ಲಿ ಚಡಪಡಿಕೆಗಿಂತ ಮರೆವು, ಗಮನ ತಪ್ಪುವುದೇ ಜಾಸ್ತಿ, ಅದಕ್ಕೇ ತಡವಾಗುತ್ತದಂತೆ. ಡಾಕ್ಟರು ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಿದ್ದರೆ ಅವಳಿಗಿಂತ ಮೊದಲು ನಾನೇ ತಲೆ ಆಡಿಸುತ್ತಿದ್ದೆ. ನನ್ನಲ್ಲೂ ಅವೇ ಲಕ್ಷಣಗಳು. ನನಗಾಗ 41.

ಗುಳಿಗೆ ಹಾಸನದಲ್ಲೇ ಸಿಕ್ಕಿತು, ಉಪಯೋಗವೂ ಆಯಿತು. ಮಾತಿನ ಚಿಕಿತ್ಸೆಗೆ, ಅಂದರೆ ಕೌನ್ಸೆಲರ್ ಜೊತೆ ಕೂತು ಮನಸ್ಸಿನದನ್ನು ಮಾತಾಡುವುದಕ್ಕೆ ಮಾತ್ರ, ವಿಚಾರಿಸಿದ ಕಡೆಯೆಲ್ಲ ‘ಬೆಂಗಳೂರಿಗೆ ಹೋಗಿ’ ಅಂದರು. ಮುಕ್ಕಾಲು ಗಂಟೆ ಮಾತಾಡಲು ಬೇಲೂರಿನಿಂದ ಇಡೀ ದಿನ ಬಸ್ಸು. ಆರು ಸಲ ಹೋದೆವು. ಆಮೇಲೆ ಆಗಲಿಲ್ಲ.

ಮಾತಿನ ಚಿಕಿತ್ಸೆ ಅಂದರೆ ಬುದ್ಧಿ ಹೇಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಬುದ್ಧಿ ಹೇಳಲು ನಮ್ಮ ಬೀದಿಯಲ್ಲಿ ಜನಕ್ಕೇನೂ ಬರವಿಲ್ಲ. ಆ ಕೌನ್ಸೆಲರ್ ಬುದ್ಧಿ ಹೇಳಲಿಲ್ಲ. ವಾರಕ್ಕೆ ಮೂರು ದಿನ ಹಾಲು ಉಕ್ಕಿಸುತ್ತೇನೆ ಅಂದೆ. ‘ಉಕ್ಕುವ ಒಂದು ನಿಮಿಷ ಮುಂಚೆ ಎಲ್ಲಿದ್ದಿರಿ?’ ಅಂತ ಕೇಳಿದರು. ಒಣಗಿದ ಬಟ್ಟೆ ನೆನಪಾಗಿ ಹಿತ್ತಲಿಗೆ ಹೋದವಳು ದಾಸವಾಳದ ಗಿಡಕ್ಕೆ ನೀರು ಹಾಕುತ್ತಾ ನಿಂತಿರುತ್ತಿದ್ದೆ. ಈಗ ಒಲೆ ಹಚ್ಚಿದ ಕೂಡಲೇ ಮೊಬೈಲಲ್ಲಿ ಅಲಾರಂ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಇಷ್ಟೇನಾ ಅನ್ನಬಹುದು. ‘ನಾನು ದಂಡಪಿಂಡ’ ಅಂತ 20 ವರ್ಷ ಒಳಗೊಳಗೇ ಅಂದುಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದ್ದೂ ಅದೇ ಕುರ್ಚಿಯಲ್ಲಿ. ಮುಟ್ಟಿನ ಹಿಂದಿನ ವಾರ ತನಗೆ ಓದು ಇನ್ನೂ ಕಡಿಮೆ ತಲೆಗೆ ಹತ್ತುತ್ತದೆ ಅಂತ ಮಗಳು ಡೈರಿ ಬರೆದು ತಾನೇ ಕಂಡುಕೊಂಡಳು. ನಾನು ಆ ವಾರವೇ ಹೆಚ್ಚು ಬೈಯುತ್ತಿದ್ದೆ.

ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ, ಪುಕ್ಕಟೆ ಮಾತಾಡುತ್ತಾರೆ. ಕಷ್ಟದ ಹೊತ್ತಿಗೆ ಅದು ಆಸರೆಯೇ. ಆದರೆ ಮಾತಿನ ಚಿಕಿತ್ಸೆಗೆ ವಾರ ವಾರ ಅದೇ ಮುಖ ಬೇಕು, ಹಿಂದಿನ ವಾರದ ಡೈರಿ ನೋಡಬೇಕು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮ ಸರ್ಕಾರದ್ದೇ ಅಲ್ವಾ? ಅದರ ಜೊತೆಗೆ ಮಾತಿನ ಚಿಕಿತ್ಸೆ ಕಲಿತ ಒಬ್ಬರನ್ನೂ ಕೂರಿಸಲಿ. ಶಾಲೆ ಬಿಟ್ಟ ಮೇಲಿನ ಹೊತ್ತಾದರೆ ಒಳ್ಳೆಯದು. ಕನ್ನಡದವರೇ ಆಗಲಿ. ‘ಫೋಕಸ್’, ‘ಟಾಸ್ಕ್’ ಅಂದರೆ ನನ್ನಂಥವಳು ಹೂಂ ಅಂದು ಎದ್ದು ಬರುತ್ತಾಳೆ.

ಮಗಳಿಗೆ ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆಯೊಳಗೆ ಆದರೆ ನಮಗೂ ಉಪಯೋಗ.

– ಒಬ್ಬ ತಾಯಿ, ಬೇಲೂರು