ಮಂಜನಿಗೆ, ಹರ್ಲಿಂಗ್ ನೆಪದಲ್ಲಿ

ಮಂಜ,

ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದೆ. ಅದಕ್ಕೇ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ಈಗ ಉತ್ತರ ಕೊಡದೆ ಇರು, ನೋಡೋಣ.

ಫೋನಿನಲ್ಲಿ ಕೇಳಿದ್ದೆಯಲ್ಲ, "ಅಲ್ಲಿ ಕೋಲು ಹಿಡಿದು ಹೊಡೆದಾಡುತ್ತಾರಲ್ಲ, ಅದು ಆಟವಾ ಜಗಳವಾ" ಅಂತ. ಆಟವೇ ಮಾರಾಯ. ಹರ್ಲಿಂಗ್ ಅಂತ, ಈ ಐರ್ಲೆಂಡಿನದೇ ಆಟ. ಒಂದು ಕಡೆಗೆ 15 ಜನ. ಚೆಂಡಿಗೆ ಸ್ಲಿಟರ್ ಅನ್ನುತ್ತಾರೆ, ಕ್ರಿಕೆಟ್ ಚೆಂಡಿಗಿಂತ ಹಗುರ. ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು, ಕೈಯಲ್ಲಿ ಹಿಡಿಯಬಹುದು, ಕೋಲಿನ ತುದಿಯಲ್ಲಿ ಕುಣಿಸುತ್ತಾ ಓಡಲೂಬಹುದು, ಪಕ್ಕದಲ್ಲಿ ಇನ್ನೊಬ್ಬ ಕೋಲು ಬೀಸುತ್ತಾ ಓಡಿಬರುತ್ತಿದ್ದರೂ. ಗೋಲಿನ ಅಡ್ಡಪಟ್ಟಿಯ ಮೇಲೆ ಹೋದರೆ 1 ಅಂಕ, ಕೆಳಗೆ ಬಲೆಗೆ ಬಿದ್ದರೆ 3. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ ಆಗಿದ್ದೇ 2010ರಲ್ಲಿ. ಅದಕ್ಕೆ ಮುಂಚೆ ಆಡಿದವರ ಹಲ್ಲಿನ ಗತಿ ಏನೋ.

ನಮ್ಮ ಆಫೀಸಿನವನೊಬ್ಬ ಒಂದು ದಿನ ತನ್ನ ಕೋಲು ತಂದು ಕೈಗೆ ಕೊಟ್ಟ. ಆ್ಯಶ್ ಮರದ್ದು. ಬುಡದಲ್ಲಿ ಬೇರು ಹೊರಳುವ ಜಾಗದಿಂದಲೇ ಕೊಯ್ಯುತ್ತಾರಂತೆ, ಅಲ್ಲಿ ಮರದ ನಾರು ತಾನಾಗಿಯೇ ಬಾಗಿರುತ್ತದೆ. ಅಗಲವಾದ ತುದಿಗೆ ತಗಡಿನ ಪಟ್ಟಿ ಸುತ್ತಿ ಮೊಳೆ ಹೊಡೆದಿತ್ತು. ಹಿಡಿಗೆ ಸುತ್ತಿದ ಟೇಪು ಬೆವರಿಗೆ ಕಪ್ಪಾಗಿತ್ತು. ಮೂಸಿ ನೋಡಿದೆ. ನಗಬೇಡ, ಹಳದಿ ಬನಿಯನ್ ಕಥೆ ಇಲ್ಲಿ ಎತ್ತಬೇಡ.

ವಿಷಯ ಇದಲ್ಲ. ವಿಷಯ ಹೆನ್ರಿ ಶೆಫ್ಲಿನ್ ಅನ್ನುವ ಹರ್ಲಿಂಗ್ ಆಟಗಾರನದು. ಆ ಕೋಲಿನವನು ದಿನಾ ಊಟದ ಹೊತ್ತಿಗೆ ಅವನ ಕಥೆ ಹೇಳಿ ಹೇಳಿ ನನಗೂ ಹುಚ್ಚು ಹತ್ತಿಸಿದ. ನಾನಿರುವ ವಾಟರ್‌ಫರ್ಡ್‌ನಿಂದ ಕಾರಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಬ್ಯಾಲಿಹೇಲ್ ಅಂತ ಒಂದು ಊರು ಸಿಗುತ್ತದೆ. ಕಿಲ್ಕೆನಿ ಕೌಂಟಿಗೆ ಸೇರಿದ್ದು, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಡಬ್ಲಿನ್‌ಗೆ ಹೋಗುವ ದೊಡ್ಡ ರಸ್ತೆ ಈಗ ಅದನ್ನು ಮುಟ್ಟುವುದೂ ಇಲ್ಲ, ಪಕ್ಕದಲ್ಲೇ ಹಾದುಹೋಗುತ್ತದೆ. 1972ರಲ್ಲಿ ಸುತ್ತಲಿನ ಮೂರು ಊರಿನವರು ಸೇರಿ ಕಟ್ಟಿದ ಕ್ಲಬ್ಬು, ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್. ಇಷ್ಟು ಸಣ್ಣ ಊರು ಇಡೀ ಐರ್ಲೆಂಡಿನ ಕ್ಲಬ್ ಕಪ್ಪನ್ನು 9 ಸಲ ಹೊತ್ತು ತಂದಿದೆ. 1981ರಲ್ಲಿ ಮೊದಲ ಸಲ ಗೆದ್ದಾಗ ಫೆನೆಲಿ ಅನ್ನುವ ಒಂದೇ ಮನೆಯ 7 ಜನ ಅಣ್ಣತಮ್ಮಂದಿರು ತಂಡದಲ್ಲಿದ್ದರು. ಆ ಮನೆಯ ಅಮ್ಮ ಪ್ರತಿ ವಾರ ಎಷ್ಟು ಬಟ್ಟೆ ಒಗೆದಿರಬೇಕು ಅಂತ ಯಾರೂ ಲೆಕ್ಕ ಇಟ್ಟ ಹಾಗಿಲ್ಲ.

ಇಲ್ಲಿ ಪದ್ಧತಿ ಹೀಗೆ. ಯಾವ ಊರಲ್ಲಿ ಬೆಳೆದೆಯೋ ಆ ಊರಿನ ಕ್ಲಬ್ಬಿಗೇ ಸಾಮಾನ್ಯವಾಗಿ ಕೊನೆತನಕ ಆಡುವುದು. ಹರಾಜಿಲ್ಲ, ಸಂಬಳವಿಲ್ಲ. ಕ್ಲಬ್ಬಿನಲ್ಲಿ ಚೆನ್ನಾಗಿ ಆಡಿದವರನ್ನು ಕೌಂಟಿ ತಂಡಕ್ಕೆ ಕರೆಯುತ್ತಾರೆ, ಅದಕ್ಕೂ ಸಂಬಳವಿಲ್ಲ. ಫೈನಲ್ ಆಡುವ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ 82,300 ಜನ ಹಿಡಿಸುತ್ತಾರೆ, ಟಿಕೆಟ್ಟಿಗೆ ಜನ ಒದ್ದಾಡುತ್ತಾರೆ, ಮಾರನೇ ವಾರ ಆಡಿದವನು ಕೆಲಸಕ್ಕೆ ಹೋಗುತ್ತಾನೆ. ಶೆಫ್ಲಿನ್ ಬ್ಯಾಂಕಿನಲ್ಲಿದ್ದ. ಸಾಲದ ಕಾಗದ ಕೇಳಲು ಹೋದವನಿಗೆ ಎದುರಿಗೆ ದೇಶದ ದೊಡ್ಡ ಆಟಗಾರ ಕೂತಿದ್ದರೆ ಕಂತು ತಪ್ಪಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಕೌಂಟಿ ತಂಡದಲ್ಲಿ ಅವನು ಗೆದ್ದಿದ್ದನ್ನು ಹೇಳುತ್ತಾ ಹೋದರೆ ಸಾಕಾಗುತ್ತದೆ. 2000ದಿಂದ 2014ರೊಳಗೆ 10 ಆಲ್ ಐರ್ಲೆಂಡ್ ಪದಕ (ಕೌಂಟಿ ಕೌಂಟಿಗಳ ನಡುವೆ ಆಡುವ ದೇಶದ ಕಪ್ಪಿನದು), ಅಷ್ಟು ಗೆದ್ದವರಲ್ಲಿ ಅವನೇ ಮೊದಲಿಗ. ವರ್ಷದ ಆಟಗಾರ 3 ಸಲ. ಇದೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. 2006ರ ಸೆಪ್ಟೆಂಬರ್ ಹೊತ್ತಿಗೆ ಅವನ ಹತ್ತಿರ ಆಲ್ ಐರ್ಲೆಂಡ್ ಪದಕ 4 ಇದ್ದವು. ಸ್ವಂತ ಊರಿನ ತಂಡದಲ್ಲಿ ಆಡಿ ಗೆಲ್ಲುವ, ಕೌಂಟಿಯೊಳಗಿನ ಕ್ಲಬ್ಬುಗಳದ್ದಾದ ಕಿಲ್ಕೆನಿ ಚಾಂಪಿಯನ್‌ಶಿಪ್ ಮಾತ್ರ ಒಂದೂ ಇರಲಿಲ್ಲ! ಬ್ಯಾಲಿಹೇಲ್ ಅದನ್ನು ಕೊನೆಯ ಸಲ ಗೆದ್ದಿದ್ದು 1991ರಲ್ಲಿ, ಆಗ ಇವನು 12 ವರ್ಷದ ಹುಡುಗ. ಅಷ್ಟರಲ್ಲಿ ಕಿಲ್ಕೆನಿ ಪಟ್ಟಣದ ಜೇಮ್ಸ್ ಸ್ಟೀಫನ್ಸ್‌ನವರು, ಅಂದರೆ ಕೌಂಟಿ ತಂಡದಲ್ಲಿ ಇವನ ಪಕ್ಕದಲ್ಲೇ ಕೂತು ಬೂಟಿನ ದಾರ ಕಟ್ಟುವವರು, 2005ರಲ್ಲಿ ಇಡೀ ದೇಶದ ಕ್ಲಬ್ ಕಪ್ಪನ್ನೇ ಗೆದ್ದು ಬಂದಿದ್ದರು. ಭಾನುವಾರ ಒಂದೇ ತಂಡ, ಇನ್ನೊಂದು ವಾರ ಎದುರಾಳಿ. ದೇಶ ಗೆದ್ದವನು ಊರಿಗೆ ಬಂದರೆ ಬರಿಗೈ. ಅವನಿಗೆ ಅದು ಹೇಗನ್ನಿಸಿತ್ತೋ, ನನಗಂತೂ ಓದಿಯೇ ಹೊಟ್ಟೆಯಲ್ಲಿ ಏನೋ ಆಯಿತು.

2006ರಲ್ಲಿ ಕೊನೆಗೂ ಗೆದ್ದರು. 2007ರ ಮಾರ್ಚ್ 17ಕ್ಕೆ, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಕ್ಲಬ್ಬಿನ ಆಲ್ ಐರ್ಲೆಂಡ್ ಕೂಡ ಬಂತು. ಇನ್ನೊಂದು ಮಜಾ ಕೇಳು. ಕಿಲ್ಕೆನಿಯಲ್ಲಿ ಆಗ ಕೌಂಟಿ ತಂಡದ ಕ್ಯಾಪ್ಟನ್ ಯಾರು ಅಂತ ಹೇಳುತ್ತಿದ್ದದ್ದು ಆ ಹಿಂದಿನ ವರ್ಷ ಗೆದ್ದ ಕ್ಲಬ್ಬು. ಅಷ್ಟು ದೊಡ್ಡ ಆಟಗಾರನಾದರೂ ಕ್ಯಾಪ್ಟನ್ ಆಗಬೇಕಾದರೆ ಊರು ಗೆಲ್ಲಬೇಕಿತ್ತು. 2007ರಲ್ಲಿ ಊರಿನವರು ಅವನ ಹೆಸರು ಹೇಳಿದರು. ಆ ವರ್ಷದ ಫೈನಲ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಅರ್ಧಕ್ಕೇ ಹೊರಬಂದ, ಆಮೇಲೆ ಅದೇ ಕಾಲಿನಲ್ಲಿ ಹೋಗಿ ಕಪ್ಪು ಎತ್ತಿದ.

2014ರಲ್ಲಿ ಹತ್ತನೆಯ ಪದಕ ಬಂದಾಗ ಕೌಂಟಿ ತಂಡದಲ್ಲಿ ಅವನು ಬದಲಿ ಆಟಗಾರ. ಬೆಂಚಿನಿಂದ ಎದ್ದು ಕೊನೆಗೆ ಬಂದವನು. ಊರಿನ ತಂಡದಲ್ಲಿ ಹಾಗಲ್ಲ. 2015ರ ಮಾರ್ಚ್ 17, ಅದೇ ಕ್ರೋಕ್ ಪಾರ್ಕ್, 36 ವರ್ಷ, ಲಿಮರಿಕ್ ಕಡೆಯ ಕಿಲ್ಮಾಲಕ್ ವಿರುದ್ಧ ಶುರುವಿನಿಂದಲೇ ಇಳಿದ. ಗೆದ್ದರು. ಎಂಟು ದಿನ ಕಳೆದು ಕೌಂಟಿ ಆಟಕ್ಕೆ ವಿದಾಯ ಹೇಳಿದ. ಕ್ರೋಕ್ ಪಾರ್ಕಿನಲ್ಲಿ ಅವನ ಕೊನೆಯ ದೊಡ್ಡ ಆಟ ಊರಿನ ಹಸಿರು ಬಿಳಿ ಅಂಗಿಯಲ್ಲಾಯಿತು. ಆಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆಗಿ 2019, 2020 ಎರಡೂ ವರ್ಷ ಕ್ಲಬ್ಬಿನ ಆಲ್ ಐರ್ಲೆಂಡ್ ಗೆಲ್ಲಿಸಿದ. ಮುಂದೆ ಗಾಲ್ವೇ ಕೌಂಟಿ ತಂಡ ನೋಡಿಕೊಳ್ಳಲು ಹೋದ.

ಅವನು ಹೋದ ಮೇಲಿನದು ಕೇಳು. 2022ರ ಫೆಬ್ರವರಿಯ ಕ್ಲಬ್ ಫೈನಲ್‌ನಲ್ಲಿ ನಮ್ಮ ವಾಟರ್‌ಫರ್ಡ್ ಪಕ್ಕದ ಬ್ಯಾಲಿಗನರ್‌ನವರು ಕೊನೇ ಗಳಿಗೆಯ ಒಂದು ಗೋಲಿನಿಂದ, ಒಂದೇ ಅಂಕದಲ್ಲಿ ಬ್ಯಾಲಿಹೇಲ್ ಅನ್ನು ಸೋಲಿಸಿದರು. 2023ರ ಜನವರಿಯಲ್ಲಿ ಬ್ಯಾಲಿಹೇಲ್ ಮತ್ತೆ ಗೆದ್ದಿತು. ಶೆಫ್ಲಿನ್ ಆಟಗಾರನೂ ಅಲ್ಲ, ಮ್ಯಾನೇಜರೂ ಅಲ್ಲ. ಅವನಿಲ್ಲದೆ ಗೆದ್ದರು.

ಇಲ್ಲಿಗೆ ಬಂದು ನಿಂತುಬಿಟ್ಟೆ ಮಂಜ. ಇದನ್ನು ಓದುತ್ತಿರುವ ಉಳಿದವರು ಸ್ವಲ್ಪ ಆ ಕಡೆ ತಿರುಗಿಕೊಳ್ಳಿ.

ನಾನು ಊರು ಬಿಟ್ಟ ಮೇಲೆ ನಮ್ಮ ವಾಲಿಬಾಲ್ ಟೀಮು ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಸೋತಾಗಲೆಲ್ಲ ನೀನು ಫೋನು ಮಾಡಿ "ನೀನಿದ್ದಿದ್ದರೆ" ಅನ್ನುತ್ತಿದ್ದೆಯಲ್ಲ. ಅಯ್ಯೋ ಪಾಪ ಅನ್ನುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತು. ಸಣ್ಣ ಖುಷಿಯಲ್ಲ, ಆ ರಾತ್ರಿ ಚೆನ್ನಾಗಿ ನಿದ್ದೆ ಬರುವಂಥದ್ದು. ಇಲ್ಲಿ ಮಳೆ, ಕತ್ತಲೆ, ಬಸ್ಸಿನಲ್ಲಿ ಪಕ್ಕ ಕೂತವನಿಗೂ ನನ್ನ ಹೆಸರು ಗೊತ್ತಿಲ್ಲ. ಆದರೆ ಅಲ್ಲೊಂದು ನೆಟ್ಟಿನ ಪಕ್ಕ ನಾನಿಲ್ಲದ ಒಂದು ಜಾಗ ಖಾಲಿ ಇದೆ, ಅದರಿಂದಾಗಿ ಒಂದು ಊರು ಸೋಲುತ್ತಿದೆ ಅನ್ನುವುದು ಎಷ್ಟು ಬೆಚ್ಚಗಿತ್ತು ಗೊತ್ತಾ? ಈ ವರ್ಷ ನೀನು ಕಪ್ಪಿನ ವಿಡಿಯೋ ಕಳಿಸಿದೆ. ನನ್ನ ಜಾಗದಲ್ಲಿ ಲಿಫ್ಟ್ ಮಾಡುತ್ತಿದ್ದ ಆ ಹುಡುಗ, ಯಾರ ಮಗನೋ, ಬೆನ್ನ ಹಿಂದಕ್ಕೆ ಚೆಂಡು ಎತ್ತಿಕೊಟ್ಟನಲ್ಲ, ನೀನು ನೋಡದೆಯೇ ಹಾರಿ ಹೊಡೆದೆಯಲ್ಲ, ಅದನ್ನು ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದೆನೋ. ನನ್ನ ಲಿಫ್ಟಿಗೆ ನೀನು ಯಾವತ್ತೂ ನೋಡದೆ ಹಾರಿದವನಲ್ಲ.

ಶೆಫ್ಲಿನ್ ಆದರೆ ತನ್ನ ಪಾಲಿನದನ್ನೆಲ್ಲ ಊರಿಗೆ ಕೊಟ್ಟು ಹೋದವನು, ಊರು ಆಮೇಲೆ ಗೆದ್ದರೂ ಅವನದೊಂದು ಋಣ ಅದರಲ್ಲಿರುತ್ತದೆ. ನಾನು ಕೊಟ್ಟಿದ್ದು ಏನು, ಎರಡು ಸೆಮಿಫೈನಲ್ಲು, ಒಂದು ಹರಿದ ನೆಟ್ಟು. ಲಂಡನ್‌ಗೆ ಹೋದ ಇಲ್ಲಿನ ಹುಡುಗರು ಕ್ಲಬ್ಬಿನ ಒಂದು ಮ್ಯಾಚಿಗೆ ಅಂತ ವಿಮಾನ ಹತ್ತಿ ಬರುತ್ತಾರೆ. ನೀನು ಪ್ರತಿ ಸಲ ಕರೆದಾಗ ನಾನು ರಜೆ ಇಲ್ಲ ಅನ್ನುತ್ತೇನೆ. ರಜೆ ಇದೆ. ಬಂದರೆ ನನ್ನನ್ನು ಆಡಿಸುವುದಿಲ್ಲ, ಕುರ್ಚಿ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುತ್ತೀರಿ ಅನ್ನುವ ಭಯ. ವಿದೇಶದಿಂದ ಬಂದಿರುವ ಅಂತ ಮೈಕಿನಲ್ಲಿ ಕೂಗಿಸಿದರಂತೂ ಮುಗಿಯಿತು.

ಸರಿ ಬಿಡು, ಜಾಸ್ತಿ ಆಯಿತು. ಚಳಿಗೆ ತಲೆ ಕೆಟ್ಟಿದೆ ಅಂದುಕೋ. ಆ ಹುಡುಗನಿಗೆ ಹೇಳು, ಬ್ಯಾಕ್ ಲಿಫ್ಟ್ ಮಾಡುವಾಗ ಮೊಣಕೈ ಅಗಲ ಮಾಡುತ್ತಾನೆ, ನಮ್ಮ ಕೋಳಿ ಸಾಹುಕಾರರು ಅಂಪೈರ್ ಆಗಿದ್ದರೆ ಪ್ರತಿ ಸಲವೂ ಡಬಲ್ ಟಚ್ ಕೊಡುತ್ತಿದ್ದರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಹೊಟ್ಟೆಕಿಚ್ಚಿನಿಂದಲೇ. ಇಲ್ಲಿ ನಾನೂ ಒಂದು ಕೋಲು ಕೊಂಡಿದ್ದೇನೆ, ಮನೆ ಹಿಂದಿನ ಗೋಡೆಗೆ ಹೊಡೆಯುತ್ತೇನೆ, ಪಕ್ಕದ ಮನೆ ಅಜ್ಜಿ ತನ್ನ ಬೆಕ್ಕನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ.

ಕಮೆಂಟಿನಲ್ಲಿ ನೆಟ್ಟಿನ ದುಡ್ಡು ಕೇಳಬೇಡ. ಅಕ್ಕ ಇದನ್ನೆಲ್ಲ ಓದುತ್ತಾಳೆ.

ನಿನ್ನ,
ಮಾಜಿ ಲಿಫ್ಟರ್